ಸ್ವಂತ ಮೇಲ್ ಸರ್ವರ್: ಪೋಸ್ಟ್‌ಫಿಕ್ಸ್‌ಗಿಂತ ಮೊದಲು ಐಪಿ ವಿಳಾಸ

ಸರ್ವರ್ ಬಾಡಿಗೆಗೆ ತೆಗೆದುಕೊಂಡ ಕೂಡಲೇ ಮೇಲ್ ಕಳಿಸಿ ಸ್ವೀಕರಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್ ಹಾಕಲು ಕೈ ತುರಿಸುತ್ತದೆ. ನಾನು ಮೊದಲ ದಿನ ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ, ಎರಡೇ ಎರಡು ಪರೀಕ್ಷೆ ಮಾಡುತ್ತೇನೆ. ಹೊರಕ್ಕೆ ಹೋಗುವ ಪೋರ್ಟ್ 25 ತೆರೆದಿದೆಯೇ? ಆ ಐಪಿಗೆ ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ಹೇಳುವ ಡಿಎನ್‌ಎಸ್ ನಮೂದು) ಹಾಕಲು ಬಿಡುತ್ತಾರೆಯೇ? ಎರಡರಲ್ಲಿ ಒಂದಕ್ಕೆ ಇಲ್ಲ ಎಂದರೂ ಆ ಸರ್ವರ್ ಮೇಲ್‌ಗೆ ಬಾರದು.

ಪೋರ್ಟ್ 25 ನೋಡಲು ಯಾವುದಾದರೂ ದೊಡ್ಡ ಮೇಲ್ ಸೇವೆಯ ಎಂಎಕ್ಸ್ ಹೋಸ್ಟ್‌ಗೆ, ಅಂದರೆ ಮೇಲ್ ಸ್ವೀಕರಿಸುವ ಸರ್ವರ್‌ಗೆ, ಪೋರ್ಟ್ 25ರಲ್ಲಿ ಟೆಲ್ನೆಟ್ ಮಾಡಿದರೆ ಸಾಕು. 220 ಎಂದು ಸಾಲು ಬಂದರೆ ದಾರಿ ತೆರೆದಿದೆ. ಮುಚ್ಚಿದ್ದರೆ ಸಾಮಾನ್ಯವಾಗಿ ದೋಷವೂ ಬರುವುದಿಲ್ಲ, ಕರ್ಸರ್ ಮಿಟುಕುತ್ತಾ ಕೂತು ಕಡೆಗೆ ಟೈಮ್‌ಔಟ್ ಆಗುತ್ತದೆ. ಪಿಟಿಆರ್ ವಿಷಯದಲ್ಲಿ ಬಹಳ ಜನ ಎಡವುವುದು ಎಲ್ಲೆಂದರೆ, ಅದನ್ನು ಡೊಮೇನ್ ಕೊಂಡ ಕಡೆ ಹುಡುಕುತ್ತಾರೆ. ಐಪಿ ಯಾರದೋ ಪಿಟಿಆರ್ ಅವರ ಪ್ಯಾನೆಲ್‌ನಲ್ಲೇ ಇರುತ್ತದೆ. ಐಪಿಯಿಂದ ಹೆಸರು, ಹೆಸರಿನಿಂದ ಮತ್ತೆ ಅದೇ ಐಪಿ, ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್‌ನಲ್ಲೂ ಅದೇ ಹೆಸರು: ಈ ಮೂರೂ ಅಕ್ಷರಶಃ ಒಂದೇ ಆಗಿರಬೇಕು. ಮನೆಯ ಬ್ರಾಡ್‌ಬ್ಯಾಂಡ್ ಐಪಿಯಿಂದ ಪ್ರಯತ್ನಿಸುವುದೇ ಬೇಡ, ಅಂಥ ವಿಳಾಸಗಳ ಸಾಲುಸಾಲೇ, ಸ್ಪ್ಯಾಮ್ ತಡೆಗೆ ಐಪಿ ಪಟ್ಟಿಗಳನ್ನು ಇಡುವ ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಪಟ್ಟಿಯಲ್ಲಿ (ನೇರವಾಗಿ ಮೇಲ್ ಕಳಿಸಬಾರದ ವಿಳಾಸಗಳು) ಇರುತ್ತವೆ.

ಐಪಿ ವಿಳಾಸದ ಹೊಸ ರೂಪವಾದ ಐಪಿವಿ6 ಇನ್ನೊಂದು ಗುಂಡಿ. ಸರ್ವರ್‌ಗೆ ವಿ6 ವಿಳಾಸ ತಾನಾಗಿ ಬಂದಿರುತ್ತದೆ, ಪೋಸ್ಟ್‌ಫಿಕ್ಸ್ ಅದರ ಮೂಲಕವೂ ಕಳಿಸಲು ನೋಡುತ್ತದೆ, ಅದಕ್ಕೆ ಪಿಟಿಆರ್ ಇಲ್ಲದ್ದರಿಂದ ಜಿಮೇಲ್ 550 (ನಿರಾಕರಣೆ) ಹೇಳಿ ಹಿಂದಿರುಗಿಸುತ್ತದೆ. ಒಮ್ಮೆ ಹೋಗುತ್ತದೆ, ಒಮ್ಮೆ ಹೋಗುವುದಿಲ್ಲ ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಇದೇ. ವಿ6ಗೂ ಪಿಟಿಆರ್ ಹಾಕಿ, ಇಲ್ಲವೇ ಇನೆಟ್-ಪ್ರೋಟೊಕಾಲ್ಸ್ ಅನ್ನು ಐಪಿವಿ4 ಎಂದಷ್ಟೇ ಇಡಿ.

ಇನ್ನು ಸಾಫ್ಟ್‌ವೇರ್. ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ (ಅಂಚೆಪೆಟ್ಟಿಗೆ ಮತ್ತು ಲಾಗಿನ್), ಆರ್‌ಸ್ಪ್ಯಾಮ್‌ಡಿ (ಸ್ಪ್ಯಾಮ್ ಸೋಸಲು), ರೆಡಿಸ್ (ಅದರ ದತ್ತಾಂಶ ಇಡಲು), ಅನ್‌ಬೌಂಡ್ (ಸ್ವಂತ ಡಿಎನ್‌ಎಸ್ ರಿಸಾಲ್ವರ್), ಸರ್ಟ್‌ಬಾಟ್ (ಸರ್ಟಿಫಿಕೇಟ್‌ಗೆ). ಹತ್ತಾರು ಅಂಚೆಪೆಟ್ಟಿಗೆಗಳಿಗೆ 2 ಜಿಬಿ ರ‍್ಯಾಮ್ ಸಾಕು. ವೈರಸ್ ಹುಡುಕುವ ಕ್ಲಾಮ್‌ಎವಿ ಬೇಕೆಂದರೆ ಲೆಕ್ಕ ಬೇರೆ, ಅದೊಂದೇ 1 ಜಿಬಿಗಿಂತ ಹೆಚ್ಚು ನುಂಗುತ್ತದೆ. ನಾನು ಹಾಕುವುದಿಲ್ಲ.

ಪೋಸ್ಟ್‌ಫಿಕ್ಸ್‌ನಲ್ಲಿ ಮೈಡೆಸ್ಟಿನೇಷನ್ ಸಾಲಿನಲ್ಲಿ ಲೋಕಲ್‌ಹೋಸ್ಟ್ ಮಾತ್ರ ಉಳಿಸಿ, ಡೊಮೇನ್ ಅನ್ನು ವರ್ಚುವಲ್-ಮೇಲ್‌ಬಾಕ್ಸ್-ಡೊಮೇನ್ಸ್‌ಗೆ ಹಾಕಬೇಕು. ಎರಡೂ ಕಡೆ ಬರೆದರೆ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ, ಮೇಲ್ ಮಾತ್ರ ಲಿನಕ್ಸ್ ಬಳಕೆದಾರರ ಪಟ್ಟಿಯಲ್ಲಿ ಹೆಸರು ಹುಡುಕಿ ಸಿಗದೆ ಬೌನ್ಸ್ ಆಗುತ್ತದೆ. ಬಂದ ಮೇಲನ್ನು ಡವ್‌ಕಾಟ್‌ಗೆ ದಾಟಿಸಲು ಎಲ್‌ಎಂಟಿಪಿ ಸಾಕೆಟ್ (ಎರಡು ತಂತ್ರಾಂಶಗಳ ನಡುವಿನ ಫೈಲ್‌ರೂಪದ ಕೊಂಡಿ). ಇಲ್ಲಿ ಅರ್ಧ ದಿನ ತಿನ್ನುವ ತಪ್ಪೊಂದಿದೆ. ಸಾಕೆಟ್ ಫೈಲ್ ಕಣ್ಣೆದುರೇ ಇರುತ್ತದೆ, ಆದರೂ ಲಾಗ್‌ನಲ್ಲಿ ‘ನೋ ಸಚ್ ಫೈಲ್’. ಕಾರಣ, ಡೆಬಿಯನ್ 12ರಂಥ ಆವೃತ್ತಿಗಳಲ್ಲಿ ಪೋಸ್ಟ್‌ಫಿಕ್ಸ್‌ನ ಎಲ್‌ಎಂಟಿಪಿ ಭಾಗ ಕ್ರೂಟ್ (ಒಂದೇ ಫೋಲ್ಡರ್‌ನ ಬೇಲಿ) ಒಳಗೆ ಓಡುತ್ತದೆ, ಅದರ ಪಾಲಿಗೆ ಜಗತ್ತೆಂದರೆ ವಾರ್ ಅಡಿಯ ಸ್ಪೂಲ್‌ನಲ್ಲಿರುವ ಪೋಸ್ಟ್‌ಫಿಕ್ಸ್ ಫೋಲ್ಡರ್ ಅಷ್ಟೇ. ಸಾಕೆಟ್ ಅನ್ನು ಅದರೊಳಗಿನ ಪ್ರೈವೇಟ್ ಫೋಲ್ಡರ್‌ನಲ್ಲೇ ಸೃಷ್ಟಿಸಬೇಕು. ಮಾಲೀಕ ಪೋಸ್ಟ್‌ಫಿಕ್ಸ್, ಅನುಮತಿ 0600.

ಲಾಗಿನ್ ಅಂದರೆ ಎಸ್‌ಎಎಸ್‌ಎಲ್ ಅನ್ನು ಎಲ್ಲ ಪೋರ್ಟ್‌ಗಳಿಗೂ ಅನ್ವಯಿಸುವ ಮೇನ್.ಸಿಎಫ್‌ನಲ್ಲಿ ಆನ್ ಮಾಡಬೇಡಿ. ಮಾಸ್ಟರ್.ಸಿಎಫ್‌ನಲ್ಲಿ, ಬಳಕೆದಾರರು ಮೇಲ್ ಕಳಿಸುವ ಪೋರ್ಟ್ 465 ಮತ್ತು 587ಕ್ಕೆ ಮಾತ್ರ ಕೊಡಿ. ಪೋರ್ಟ್ 25 ಇರುವುದು ಸರ್ವರ್‌ಗಳ ನಡುವಿನ ಮಾತಿಗೆ, ಅಲ್ಲಿ ಲಾಗಿನ್‌ಗೆ ಅವಕಾಶ ಕೊಟ್ಟರೆ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹಗಲಿರುಳೂ ಬಾಗಿಲು ಬಡಿಯುತ್ತವೆ. ರಿಲೇ ನಿಯಮದ ಕೊನೆಯಲ್ಲಿ ರಿಜೆಕ್ಟ್-ಅನ್‌ಆತ್-ಡೆಸ್ಟಿನೇಷನ್ ಇದೆಯೇ ಎಂದು ಇನ್ನೊಮ್ಮೆ ನೋಡಿ. ಸರ್ವರ್ ಊರೆಲ್ಲರ ಸ್ಪ್ಯಾಮ್ ಸಾಗಿಸದಂತೆ ತಡೆಯುವ ನಿಯಮ ಅದು.

ಹೊರಡುವ ಮೇಲ್‌ಗೆ ಡೊಮೇನ್‌ನ ಡಿಜಿಟಲ್ ಸಹಿ ಹಾಕುವುದು ಡಿಕೆಐಎಂ, ಅದರ ಕೀ 2048 ಬಿಟ್‌ನದು ಸಾಕು. ಆದರೆ ಅದರ ಪಬ್ಲಿಕ್ ಭಾಗ ಸುಮಾರು 400 ಅಕ್ಷರ, ಅದನ್ನು ಇಡುವ ಡಿಎನ್‌ಎಸ್ ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿಗೆ ಮಿತಿ 255. ಉದ್ಧರಣ ಚಿಹ್ನೆ ಹಾಕಿ ಎರಡು ತುಂಡು ಮಾಡಿ ಬರೆಯಬೇಕು, ಓದುವವರು ಅವನ್ನು ನಡುವೆ ಜಾಗ ಬಿಡದೆ ಜೋಡಿಸಿಕೊಳ್ಳುತ್ತಾರೆ. ಕೆಲವು ಪ್ಯಾನೆಲ್‌ಗಳು ತಾವೇ ತುಂಡರಿಸುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸಿಬಿಡುತ್ತವೆ. ಹಾಗಾಗಿ ಪ್ಯಾನೆಲ್‌ನಲ್ಲಿ ಕಂಡದ್ದನ್ನು ನಂಬದೆ ಡಿಎನ್‌ಎಸ್ ಕೇಳುವ ಡಿಗ್ ಆಜ್ಞೆ ಕೊಟ್ಟು ಕೊನೆಯ ಹತ್ತು ಅಕ್ಷರ ಹೋಲಿಸಿ ನೋಡುವುದು ಒಳ್ಳೆಯದು.

ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ಸರಳ: ಒಂದು ಡೊಮೇನ್‌ಗೆ ಒಂದೇ ದಾಖಲೆ. ಎರಡಿದ್ದರೆ ಎರಡೂ ದಂಡ. ಈ ಎರಡು ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಎಂಎಆರ್‌ಸಿಯನ್ನು ಮೊದಲು ಪಿ=ನನ್ (ಏನೂ ಮಾಡಬೇಡ) ಎಂದಿಟ್ಟು, ವರದಿಗಳನ್ನು ಎರಡು ವಾರ ಓದಿ, ಆಮೇಲೆ ಕ್ವಾರಂಟೈನ್‌ಗೆ (ಅನುಮಾನಾಸ್ಪದ ಎಂದು ಪಕ್ಕಕ್ಕಿಡು) ಏರಿಸುತ್ತೇನೆ. ಯಾರಾದರೂ ಮೇಲ್ ಫಾರ್ವರ್ಡ್ ಮಾಡಿದರೆ ಎಸ್‌ಪಿಎಫ್ ಮುರಿಯುತ್ತದೆ, ಡಿಕೆಐಎಂ ಉಳಿಯುತ್ತದೆ. ಎರಡರಲ್ಲಿ ಒಂದು ಡೊಮೇನ್‌ಗೆ ಹೊಂದಿದರೂ ಡಿಎಂಎಆರ್‌ಸಿ ಪಾಸ್. ಫೆಬ್ರುವರಿ 2024ರಿಂದ ಜಿಮೇಲ್ ಎಲ್ಲ ಕಳುಹಿಸುವವರಿಂದಲೂ ಎಸ್‌ಪಿಎಫ್ ಅಥವಾ ಡಿಕೆಐಎಂ ಕೇಳುತ್ತದೆ, ದಿನಕ್ಕೆ 5000 ಮೇಲ್ ದಾಟುವವರಿಂದ ಮೂರನ್ನೂ.

ಅನ್‌ಬೌಂಡ್ ಏಕೆ ಬೇಕು ಎಂದರೆ, ಮೇಲ್ ಕಳಿಸಿದ ಐಪಿ ಪಟ್ಟಿಯಲ್ಲಿದೆಯೇ ಎಂದು 8.8.8.8ರಂಥ ಸಾರ್ವಜನಿಕ ರಿಸಾಲ್ವರ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡುವುದಿಲ್ಲ, ಬದಲಿಗೆ 127.255.255.254 ಎಂಬ ದೋಷಸೂಚಕ ಕೊಡುತ್ತದೆ. ಪೋಸ್ಟ್‌ಫಿಕ್ಸ್‌ಗೆ ಏನೂ ಹೇಳದಿದ್ದರೆ ಅದು ಇದನ್ನೂ ‘ಪಟ್ಟಿಯಲ್ಲಿದೆ’ ಎಂದೇ ಓದಿಕೊಂಡು ಬರುವ ಎಲ್ಲ ಮೇಲನ್ನೂ ತಳ್ಳಿಹಾಕುತ್ತದೆ. ಸ್ವಂತ ರಿಸಾಲ್ವರ್ ಇಟ್ಟ ಮೇಲೆ ಪೋಸ್ಟ್‌ಫಿಕ್ಸ್ ಅನ್ನು ರೀಸ್ಟಾರ್ಟ್ ಮಾಡಿ, ರೀಲೋಡ್ ಸಾಲದು. ಕ್ರೂಟ್ ಒಳಗೆ, ರಿಸಾಲ್ವರ್ ಯಾವುದೆಂದು ಹೇಳುವ ರಿಸಾಲ್ವ್.ಕಾನ್ಫ್‌ನ ಹಳೆಯ ನಕಲು ಕೂತಿರುತ್ತದೆ.

ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುತ್ತದೆ, ಡವ್‌ಕಾಟ್ ಮಾತ್ರ ನೆನಪಿನಲ್ಲಿರುವ ಹಳೆಯದನ್ನೇ ತೋರಿಸುತ್ತಿರುತ್ತದೆ. ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ನಲ್ಲಿ (ನವೀಕರಣವಾದ ಮೇಲೆ ಓಡುವ ಆಜ್ಞೆ) ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡಕ್ಕೂ ರೀಲೋಡ್ ಬರೆದಿಟ್ಟರೆ ಮುಗಿಯಿತು.

ಡೆಬಿಯನ್ 12ರಿಂದ 13ಕ್ಕೆ ಹೋಗುವವರಿಗೆ ಒಂದು ಮಾತು. ಡವ್‌ಕಾಟ್ 2.3ರಿಂದ 2.4 ಆಗುತ್ತದೆ, ಮೇಲ್-ಲೊಕೇಶನ್‌ನಿಂದ ಹಿಡಿದು ಸರ್ಟಿಫಿಕೇಟ್ ಸಾಲಿನವರೆಗೆ ಹೆಸರುಗಳು ಬದಲಾಗಿವೆ, ಹಳೆಯ ಕಾನ್ಫಿಗ್‌ನಲ್ಲಿ ಅದು ಏಳುವುದೇ ಇಲ್ಲ. ಎಸ್‌ಎಎಸ್‌ಎಲ್ ಅನ್ನು 25ರಲ್ಲಿ ಬಿಡಬೇಡಿ ಎಂದದ್ದು ಇಲ್ಲೂ ಕಾಯುತ್ತದೆ: ಡವ್‌ಕಾಟ್ ಮಲಗಿದ್ದರೂ 25ರಲ್ಲಿ ಮೇಲ್ ಒಳಗೆ ಬರುತ್ತಲೇ ಇರುತ್ತದೆ. ವಿಳಾಸಗಳ ಪಟ್ಟಿ ಸಾದಾ ಫೈಲ್‌ನಲ್ಲಿದ್ದರೆ ಪೋಸ್ಟ್‌ಫಿಕ್ಸ್ ಅದನ್ನೆಲ್ಲ ಡಿಫಾಲ್ಟ್ ಆಗಿ 5 ದಿನ ಕ್ಯೂನಲ್ಲಿ ಇಟ್ಟುಕೊಳ್ಳುತ್ತದೆ. ಹೊಸ ಕಾನ್ಫಿಗ್ ಬರೆದಾದ ಮೇಲೆ ಪೋಸ್ಟ್‌ಕ್ಯೂ ಮೈನಸ್ ಎಫ್ ಒತ್ತಿದರೆ ಸಾಲಾಗಿ ಪೆಟ್ಟಿಗೆಗೆ ಬೀಳುತ್ತವೆ.