ವಾರಕ್ಕೆ 28ರಿಂದ ಸೊನ್ನೆಗೆ: ಹೊಟ್ಟೆಯ ಕ್ಯಾಪ್ಸೂಲ್ ಬಿಟ್ಟ ನನ್ನ ಅನುಭವ

ಕ್ಲಿಡಿನಿಯಂ ಮತ್ತು ಕ್ಲೋರ್‌ಡಯಾಜಿಪಾಕ್ಸೈಡ್ ಸೇರಿದ ಕ್ಯಾಪ್ಸೂಲನ್ನು ವರ್ಷಗಟ್ಟಲೆ ನುಂಗುತ್ತಿರುವವರಿಗೆ ಇದು. ಐಬಿಎಸ್ (ಆಗಾಗ ಹೊಟ್ಟೆ ನುಲಿದು ಕರುಳು ಏರುಪೇರಾಗುವ ತೊಂದರೆ, ಈ ಕ್ಯಾಪ್ಸೂಲ್ ಕೊಡುವುದು ಅದಕ್ಕೇ) ಅಂದರೇನು, ಊಟಕ್ಕೆ ಮುಂಚೆಯೇ ಯಾಕೆ ತಗೋಬೇಕು ಅನ್ನುವುದೆಲ್ಲ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ನಾನು ಸುಮಾರು ಐದು ವರ್ಷ ದಿನಕ್ಕೆ ನಾಲ್ಕರಂತೆ ತಗೊಂಡೆ. ಊಟ-ತಿಂಡಿಗೆ ಮುಂಚೆ ಮೂರು, ಮಲಗುವಾಗ ಒಂದು. ಈಗ ಒಂದೂ ಇಲ್ಲ. ಬಿಟ್ಟು ಒಂದು ವರ್ಷದ ಮೇಲೆ ಮೂರ್ನಾಲ್ಕು ತಿಂಗಳಾಯಿತು. "ಅದು ಹಿಡಿದರೆ ಬಿಡೋ ಮಾತ್ರೆ ಅಲ್ಲ, ಸುಮ್ನೆ ನುಂಗ್ತಾ ಇರು" ಅಂದಿದ್ದ ಅಣ್ಣ ಈಗ ತನ್ನ ಗೆಳೆಯರಿಗೆಲ್ಲ ನನ್ನ ನಂಬರ್ ಕೊಡುತ್ತಿದ್ದಾನೆ. ಸ್ವಲ್ಪ ಜಂಬ ಬಂದಿದೆ ಅಂದರೆ ಬಂದಿದೆ.

ಮೊದಲು ನನ್ನ ದಡ್ಡತನದ ಲೆಕ್ಕ ಒಪ್ಪಿಸಿಬಿಡುತ್ತೇನೆ. ಈ ಕ್ಯಾಪ್ಸೂಲನ್ನು ನಾನು ಮೂರು ವರ್ಷ "ಹೊಟ್ಟೆ ಮಾತ್ರೆ" ಅಂತಲೇ ಕರೆದೆ. ಆ ಹೆಸರಿನಿಂದಲೇ ಮೋಸ ಹೋದೆ. ಒಳಗೆ ಇರುವುದು ಎರಡು ಔಷಧಿ. 2.5 ಮಿಲಿಗ್ರಾಂ ಕ್ಲಿಡಿನಿಯಂ ಕರುಳಿನ ನುಲಿತ ಸಡಿಲಿಸುತ್ತದೆ. 5 ಮಿಲಿಗ್ರಾಂ ಕ್ಲೋರ್‌ಡಯಾಜಿಪಾಕ್ಸೈಡ್ ತಲೆಗೆ ಕೆಲಸ ಮಾಡುತ್ತದೆ. 1960ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಬೆಂಜೊಡಯಾಜಿಪೈನ್ (ಆತಂಕ ತಗ್ಗಿಸುವ, ನಿದ್ದೆ ತರಿಸುವ ಔಷಧಿಗಳ ಗುಂಪು) ಅದೇ. ಅಂದರೆ ಡಯಾಜಿಪಾಂ, ಆಲ್‌ಪ್ರಜೋಲಾಂಗಳ ಹಿರಿಯಣ್ಣ. ನಾನು ದಿನಕ್ಕೆ ನಾಲ್ಕು ಸಲ ನೆಮ್ಮದಿ ಮಾತ್ರೆ ನುಂಗುತ್ತಿದ್ದೆ, ಮತ್ತೆ ಅದು ನನಗೇ ಗೊತ್ತಿರಲಿಲ್ಲ!

ಇದರಿಂದ ಆದ ಮೊದಲ ಅನಾಹುತ ಶೀತದ ಮಾತ್ರೆಯದ್ದು. ಮೂಗು ಸೋರುತ್ತಿತ್ತು. ಮನೆಯಲ್ಲಿದ್ದ ಶೀತದ ಮಾತ್ರೆ ಎರಡು ನುಂಗಿ ಮಲಗಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮೂತ್ರಕ್ಕೆ ಎದ್ದು ಹೋದರೆ ಒಂದು ಹನಿ ಬರಲಿಲ್ಲ. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿಕೊಂಡು ನಿಂತೆ. ಬಾಗಿ ನಿಂತೆ, ಕೂತೆ, ಮತ್ತೆ ನಿಂತೆ. ನಾಲ್ಕು ಗಂಟೆಗೆ ಕಿಬ್ಬೊಟ್ಟೆ ಕಲ್ಲಾಗಿತ್ತು. ಬೆಳಗಾಗುವಷ್ಟರಲ್ಲಿ ತುರ್ತು ವಿಭಾಗದಲ್ಲಿ ಟ್ಯೂಬ್ ಹಾಕಿಸಿಕೊಂಡು ಮಲಗಿದ್ದೆ. ಶೀತದ ಮಾತ್ರೆಯಲ್ಲಿದ್ದ ಹಳೇ ಕಾಲದ ಅಲರ್ಜಿ ಔಷಧಿಯೂ ಕ್ಲಿಡಿನಿಯಂ ಹಾಗೇ ಬಾಯಿ ಒಣಗಿಸುವ, ಮೂತ್ರ ಕಟ್ಟುವ ಜಾತಿಯದ್ದು. ಒಂದರ ಮೇಲೊಂದು ಬಿತ್ತು. ಆ ಒಂದು ರಾತ್ರಿಯ ಬಿಲ್ಲು ನನ್ನ ಆರೇಳು ತಿಂಗಳ ಕ್ಯಾಪ್ಸೂಲ್ ಖರ್ಚಿಗೆ ಸಮ ಇತ್ತು. ಜೊತೆಗೆ ಮೂರು ದಿನದ ರಜೆ. ಪ್ರಾಸ್ಟೇಟ್ ತೊಂದರೆ ಇರುವವರಿಗೆ, ಕಣ್ಣಿನ ಒತ್ತಡ ಜಾಸ್ತಿ ಇರುವವರಿಗೆ ಈ ಕ್ಯಾಪ್ಸೂಲ್ ಕೊಡಬಾರದು ಅಂತ ಔಷಧಿ ಜೊತೆ ಬರುವ ಚೀಟಿಯಲ್ಲೇ ಅಚ್ಚಾಗಿರುತ್ತದೆ. ನಾನು ಆ ಚೀಟಿಯನ್ನು ಬಿಡಿಸಿ ನೋಡಿದ್ದು ಆಸ್ಪತ್ರೆಯಿಂದ ಬಂದ ಮೇಲೆ.

ಎರಡನೇದು ಇನ್ನೂ ಕೆಟ್ಟದ್ದಾಗಬಹುದಿತ್ತು. ಮೊಣಕಾಲಿನ ಚಿಕ್ಕ ಶಸ್ತ್ರಚಿಕಿತ್ಸೆ. "ಬೇರೆ ಮಾತ್ರೆ ಏನಾದ್ರೂ ತಗೋತೀರಾ?" ಅಂತ ಕೇಳಿದರು. "ಇಲ್ಲ, ಹೊಟ್ಟೆಗೆ ಒಂದು ಇದೆ ಅಷ್ಟೆ" ಅಂದೆ. ಅವರು ಗ್ಯಾಸಿನ ಮಾತ್ರೆ ಅಂದುಕೊಂಡರು. ನೋವಿಗೆ ಟ್ರಾಮಡಾಲ್ ಅನ್ನುವ, ಅಫೀಮಿನ ಜಾತಿಯ (ಒಪಿಯಾಯ್ಡ್) ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದು ಅದನ್ನೂ ನುಂಗಿದೆ, ರಾತ್ರಿಯ ಕ್ಯಾಪ್ಸೂಲನ್ನೂ ನುಂಗಿದೆ. ಹದಿನಾಲ್ಕು ಗಂಟೆ ಎದ್ದಿಲ್ಲವಂತೆ. ಹೆಂಡತಿ ಮುಖಕ್ಕೆ ನೀರು ಚಿಮುಕಿಸಿ, ಕೆನ್ನೆ ತಟ್ಟಿ, ಉಸಿರು ಇದೆಯಾ ಅಂತ ಮೂಗಿನ ಹತ್ತಿರ ಬೆರಳು ಇಟ್ಟು ನೋಡಿದ್ದಳಂತೆ. ಬೆಂಜೊಡಯಾಜಿಪೈನ್ ಜೊತೆ ಈ ಥರದ ನೋವು ಮಾತ್ರೆ ಸೇರಿದರೆ ಉಸಿರೇ ನಿಧಾನವಾಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಔಷಧಿ ಚೀಟಿಯಲ್ಲಿ ಚೌಕಟ್ಟು ಕಟ್ಟಿ ಎಚ್ಚರಿಕೆ ಹಾಕಿಸಿದೆ. ಮದ್ಯಕ್ಕೂ ಅದೇ ಮಾತು. ಅವತ್ತಿನಿಂದ ನಾನು "ಹೊಟ್ಟೆ ಮಾತ್ರೆ" ಅನ್ನುವುದನ್ನು ಬಿಟ್ಟೆ. ಎರಡೂ ಹೆಸರು ಬರೆದ ಚೀಟಿ ಪರ್ಸಿನಲ್ಲಿ ಇಟ್ಟೆ. ಹಲ್ಲಿನ ಡಾಕ್ಟರಿಗೂ ಅದನ್ನೇ ತೋರಿಸುತ್ತಿದ್ದೆ.

ಇಷ್ಟೆಲ್ಲ ಆದ ಮೇಲೆ ಸಿಟ್ಟು ಬಂತು. ಒಂದು ಸೋಮವಾರ ಪೂರ್ತಿ ನಿಲ್ಲಿಸಿಬಿಟ್ಟೆ. ಇದು ನನ್ನ ಅತಿ ದೊಡ್ಡ ತಪ್ಪು, ದಯವಿಟ್ಟು ಯಾರೂ ಮಾಡಬೇಡಿ. ಮಜಾ ಏನಂದರೆ ಮೊದಲ ಮೂರು ದಿನ ಏನೂ ಆಗಲಿಲ್ಲ. "ನೋಡಿದ್ಯಾ, ಎಷ್ಟು ಸುಲಭ" ಅಂತ ಹೆಂಡತಿಗೆ ಹೇಳಿಯೂ ಆಗಿತ್ತು. ಈ ಔಷಧಿ ಮೈಯಿಂದ ನಿಧಾನವಾಗಿ ಇಳಿಯುತ್ತದೆ, ಅದಕ್ಕೇ ಏಟು ತಡವಾಗಿ ಬೀಳುತ್ತದೆ. ನಾಲ್ಕನೇ ರಾತ್ರಿ ನಿದ್ದೆ ಹಾರಿತು. ಐದನೇ ದಿನ ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಬೆವರು, ಎದೆ ಡವಡವ, ಬಾಗಿಲು ಹಾಕಿದ ಸದ್ದಿಗೂ ಬೆಚ್ಚಿ ಬೀಳುವುದು. ಹೊಟ್ಟೆ ನುಲಿತ ಮೊದಲಿಗಿಂತ ಎರಡರಷ್ಟು. ಡಾಕ್ಟರು ಬೈದ ಬೈಗುಳ ಇಲ್ಲಿ ಬರೆಯಲ್ಲ. "ಅದೃಷ್ಟ ಕಣ್ರೀ, ಫಿಟ್ಸ್ ಬರಲಿಲ್ಲ" ಅಂದರು. ಮತ್ತೆ ನಾಲ್ಕಕ್ಕೇ ಹೋದೆ.

"ರೀ, ಬಿಡೋದು ಬೇಡ, ಇದ್ದ ಹಾಗೇ ಇರ್ಲಿ" ಅಂದಳು ಹೆಂಡತಿ. ಇನ್ನೊಬ್ಬ ಡಾಕ್ಟರು, ಹೆಸರು ಬೇಡ, ಜೀವನಪೂರ್ತಿ ತಗೊಂಡರೂ ಏನೂ ಆಗಲ್ಲ ಅಂದರು. ನಾನು ಬೈದ ಡಾಕ್ಟರನ್ನೇ ಹಿಡಿದೆ.

ಈಗ ಕೆಲಸ ಮಾಡಿದ ದಾರಿ. ಕ್ಯಾಪ್ಸೂಲನ್ನು ಅರ್ಧ ಮಾಡೋಕಾಗಲ್ಲ, ಅದು ಎಲ್ಲರ ತಲೆನೋವು. ದಿನಕ್ಕೆ ಒಂದು ಕಡಿಮೆ ಮಾಡಿದರೆ ಒಂದೇ ಏಟಿಗೆ ಕಾಲು ಭಾಗ ಹೋಗುತ್ತದೆ, ಅದು ಜಾಸ್ತಿ. ಅದಕ್ಕೆ ನಾವು ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿದೆವು. ವಾರಕ್ಕೆ 28. ಅದರಲ್ಲಿ ಎರಡು ಕಡಿಮೆ, 26. ಎರಡು ಮೂರು ವಾರ ಅಲ್ಲೇ ನಿಲ್ಲುವುದು, ಆಮೇಲೆ 24. ತಲೆಗೆ ಕೆಲಸ ಮಾಡುವ ಔಷಧಿ ಮೈಯಲ್ಲಿ ಬಹಳ ಹೊತ್ತು ಉಳಿಯುವುದರಿಂದ ಒಂದು ದಿನ ಮೂರು, ಇನ್ನೊಂದು ದಿನ ನಾಲ್ಕು ಆದರೂ ತಲೆಗೆ ಅಷ್ಟಾಗಿ ಗೊತ್ತಾಗಲಿಲ್ಲ. ಹೊಟ್ಟೆಗೆ ಮಾತ್ರ ಗೊತ್ತಾಗುತ್ತಿತ್ತು. ಮೂರರ ದಿನ ಮಧ್ಯಾಹ್ನ ಗುಡುಗುಡು ಶುರು. ಮೊದಲು ಬಿಟ್ಟಿದ್ದು ಮಧ್ಯಾಹ್ನದ್ದು, ಯಾಕಂದರೆ ಅದೇ ನನ್ನನ್ನು ಕೆಲಸದಲ್ಲಿ ತೂಕಡಿಸುತ್ತಿತ್ತು. ಎರಡನೇ ಸಲಕ್ಕೆ ಯಾವುದನ್ನು ಬಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ನನ್ನ ಪೂರ್ತಿ ಪಟ್ಟಿ ಕೇಳಿ ಸುಮಾರು ಜನ ಮೆಸೇಜ್ ಮಾಡಿದ್ದಾರೆ, ಯಾರಿಗೂ ಕೊಟ್ಟಿಲ್ಲ. ಅದು ನನ್ನ ವಯಸ್ಸಿಗೆ, ನನ್ನ ಲಿವರ್ ರಿಪೋರ್ಟಿಗೆ ಹೊಲಿದ ಅಂಗಿ.

28 ಕುಳಿಯ ಮಾತ್ರೆ ಡಬ್ಬಿ ತಂದೆ. ಭಾನುವಾರ ಸಂಜೆ ಹೆಂಡತಿ ತುಂಬುತ್ತಿದ್ದಳು, ನಾನು ಮುಟ್ಟುವಂತಿರಲಿಲ್ಲ. ಖಾಲಿ ಬಿಡಬೇಕಾದ ಕುಳಿಗೆ ಒಂದು ಒಣ ದ್ರಾಕ್ಷಿ ಹಾಕಿಡುತ್ತಿದ್ದಳು. ಮೊದಲು ನಗು ಬಂತು. ಆದರೆ ಕೈ ಅಭ್ಯಾಸಕ್ಕೆ ಡಬ್ಬಿ ತೆಗೆದಾಗ ಅಲ್ಲಿ ಏನೋ ಒಂದು ಇರುವುದು ಎಷ್ಟು ಸಮಾಧಾನ ಗೊತ್ತಾ!

18ರವರೆಗೆ ಸಲೀಸು. 12ರವರೆಗೂ ಪರವಾಗಿಲ್ಲ. 8 ಮುಟ್ಟಿದಾಗ ನೆಲ ಕಚ್ಚಿದೆ. ಮತ್ತೆ ಅದೇ ನಡುಕ, ಅದೇ ರಾತ್ರಿಗಳು. ಎರಡು ವಾರ ಯೋಚನೆ ಮಾಡಿದ ಮೇಲೆ ಪೆನ್ನು ಹಿಡಿದು ಕೂತೆ, ಆಗ ಹೊಳೆಯಿತು. 28ರಲ್ಲಿ ಎರಡು ಅಂದರೆ ಏಳು ಪರ್ಸೆಂಟ್. 10ರಲ್ಲಿ ಎರಡು ಅಂದರೆ ಇಪ್ಪತ್ತು ಪರ್ಸೆಂಟ್. ಮೆಟ್ಟಿಲು ಒಂದೇ ಥರ ಕಾಣುತ್ತಿತ್ತು, ಕೆಳಗೆ ಇಳಿದಷ್ಟೂ ಎತ್ತರವಾಗುತ್ತಿತ್ತು. ಡಾಕ್ಟರಿಗೆ ತೋರಿಸಿದರೆ ಅವರು ತಮ್ಮ ಹಣೆ ಬಡಿದುಕೊಂಡರು. 2025ರಲ್ಲಿ ಅಮೆರಿಕದ ತಜ್ಞರ ಸಂಘಗಳು ಸೇರಿ ಹೊರಡಿಸಿದ ಮಾರ್ಗಸೂಚಿಯೂ ಆಗ ಇರುವ ಡೋಸಿನ ಐದರಿಂದ ಹತ್ತು ಪರ್ಸೆಂಟ್, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಅನ್ನುತ್ತದೆ. ನಮ್ಮದು ಮೇಲೆ ಸರಿ ಇತ್ತು, ಕೆಳಗೆ ತಪ್ಪಿತ್ತು. ಮತ್ತೆ 10ಕ್ಕೆ ಏರಿ ಒಂದು ತಿಂಗಳು ಸುಮ್ಮನೆ ಕೂತೆ. ಅಲ್ಲಿಂದ ಕೆಳಗೆ ಅವರು ಕ್ಯಾಪ್ಸೂಲನ್ನೇ ಬಿಟ್ಟು ಅದೇ ಗುಂಪಿನ ಇನ್ನೊಂದರಲ್ಲಿ, ಸಣ್ಣ ಸಣ್ಣ ಅಳತೆಯಲ್ಲಿ ಇಳಿಸಿದರು. ಅದರ ಹೆಸರು, ಅಳತೆ ಬರೆಯಲ್ಲ. ಬರೆದರೆ ಯಾರೋ ಒಬ್ಬರು ಅಂಗಡಿಯಿಂದ ತಂದು ತಾವೇ ಶುರು ಮಾಡುತ್ತಾರೆ. ಒಟ್ಟು ಹಿಡಿದದ್ದು ಹದಿಮೂರು ತಿಂಗಳು, ಒಂದೆರಡು ವಾರ ಆಚೆ ಈಚೆ.

ನಡುವೆ ಹೊಟ್ಟೆ ಸುಮ್ಮನಿರಬೇಕಲ್ಲ? ಅದಕ್ಕೆ ನನ್ನ ಅಡ್ಡ ಪ್ರಯೋಗಗಳು. ದುಬಾರಿ ಪ್ರೊಬಯಾಟಿಕ್ ಮೂರು ತಿಂಗಳು ತಗೊಂಡೆ, ತಿಂಗಳಿಗೆ ಕ್ಯಾಪ್ಸೂಲಿನ ಮೂರರಷ್ಟು ಖರ್ಚು, ನನಗಂತೂ ಏನೂ ಆಗಲಿಲ್ಲ. ಪುದೀನ ಎಣ್ಣೆಯ ಕ್ಯಾಪ್ಸೂಲ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಒಂದು ದಿನ ಆಂಟಾಸಿಡ್ ಜೊತೆಗೇ ನುಂಗಿಬಿಟ್ಟೆ. ಹೊರಗಿನ ಲೇಪ ಹೊಟ್ಟೆಯಲ್ಲೇ ಕರಗಿ ಎದೆಯುರಿ ಹತ್ತಿಕೊಂಡಿತು, ತೇಗಿದರೆ ಪುದೀನ! ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರ ಫಾಡ್‌ಮ್ಯಾಪ್ ಪಥ್ಯವನ್ನೂ (ಕರುಳಿನಲ್ಲಿ ಹುಳಿದು ಗ್ಯಾಸ್ ಮಾಡುವ ಪದಾರ್ಥಗಳನ್ನು ಸ್ವಲ್ಪ ಕಾಲ ಬಿಡುವುದು) ಮಾಡಿದೆ. ಅದರಲ್ಲಿ ಬಿಡುವ ಭಾಗ ಎಲ್ಲರೂ ಮಾಡುತ್ತಾರೆ, ಒಂದೊಂದಾಗಿ ವಾಪಸ್ ಸೇರಿಸುವ ಭಾಗ ಯಾರೂ ಮಾಡಲ್ಲ. ನಾನು ಮಾಡಿದೆ. ನನಗೆ ಆಗದ್ದು ಬರೀ ಎರಡು ಪದಾರ್ಥ ಅಂತ ಗೊತ್ತಾಯಿತು. ಇಸಬ್ಗೋಲ್ ಅಂತೂ ಚಮಚದ ಲೆಕ್ಕ ಸಿಗುವವರೆಗೆ ಕಾಟ ಕೊಟ್ಟಿತು. ಎರಡು ಚಮಚದಿಂದ ಶುರು ಮಾಡಿ ಹೊಟ್ಟೆ ಡೋಲು ಮಾಡಿಕೊಂಡೆ. ಅರ್ಧ ಚಮಚಕ್ಕೆ ಇಳಿಸಿ ವಾರವಾರ ಏರಿಸಿದ ಮೇಲೆ ಹೊಂದಿಕೊಂಡಿತು.

ಇನ್ನೊಂದು. ನನ್ನ ಕ್ಯಾಪ್ಸೂಲನ್ನು ಬೇರೆಯವರಿಗೆ ಕೊಡುವ ಚಾಳಿ ನನಗಿತ್ತು. ಎಪ್ಪತ್ತೆರಡು ವರ್ಷದ ಮಾವನವರಿಗೆ ಹೊಟ್ಟೆ ನೋವು ಅಂತ ಒಂದು ಕೊಡಲು ಹೋಗಿದ್ದೆ. ಹೆಂಡತಿ ಕೈಯಿಂದ ಕಿತ್ತುಕೊಂಡಳು. ವಯಸ್ಸಾದವರಿಗೆ ಕೊಡದೇ ಇರುವುದೇ ಒಳ್ಳೆಯದು ಅನ್ನುವ ಬಿಯರ್ಸ್ ಪಟ್ಟಿಯಲ್ಲಿ ಇದೂ ಇದೆ. ತಲೆ ಗೊಂದಲ, ಜಾರಿ ಬೀಳುವುದು, ಮೂತ್ರ ಕಟ್ಟುವುದು, ಎಲ್ಲಾ ಒಟ್ಟಿಗೆ.

ಈಗಲೂ ತಿಂಗಳಿಗೆ ಒಂದೆರಡು ಸಲ ಹೊಟ್ಟೆ ನುಲಿಯುತ್ತದೆ. ಡಾಕ್ಟರು ಬರೆದುಕೊಟ್ಟ ಮೆಬೆವೆರಿನ್ ಊಟಕ್ಕೆ ಇಪ್ಪತ್ತು ನಿಮಿಷ ಮುಂಚೆ ತಗೋತೀನಿ, ಅದೂ ಆ ದಿನಗಳಲ್ಲಿ ಮಾತ್ರ. ಅದರಲ್ಲಿ ತಲೆಗೆ ಹತ್ತುವ ಭಾಗ ಇಲ್ಲ. ಗಾಡಿ ಓಡಿಸುವಾಗ ತೂಕಡಿಕೆ ಇಲ್ಲ. ಬಾಯಿ ಒಣಗಿ ರಾತ್ರಿ ತಂಬಿಗೆ ಹುಡುಕುವುದಿಲ್ಲ.

ಉಳಿದ ಹತ್ತೊಂಬತ್ತು ಕ್ಯಾಪ್ಸೂಲ್ ಇಟ್ಟುಕೊಳ್ಳೋಣ, ಯಾವತ್ತಾದರೂ ಬೇಕಾದರೆ, ಅಂತ ನಾನು ಅಂದೆ. ಹೆಂಡತಿ ಮಾತಾಡಲಿಲ್ಲ. ಎಣಿಸಿ, ಕವರಿಗೆ ಹಾಕಿ, ಮುಂದಿನ ಭೇಟಿಯಲ್ಲಿ ಡಾಕ್ಟರ ಮೇಜಿನ ಮೇಲೆ ಇಟ್ಟು ಬಂದಳು. ಡಬ್ಬಿ ಮಾತ್ರ ಇನ್ನೂ ಅಡುಗೆಮನೆಯಲ್ಲಿದೆ, 28 ಕುಳಿಯಲ್ಲೂ ದ್ರಾಕ್ಷಿ.