ಬಾಟಲಿಯ ನಕ್ಷತ್ರ, ತೊಟ್ಟಿಯ ಹುಳ

ನಮ್ಮ ಕಾಲೇಜಿನ ಲ್ಯಾಬ್ ಕಪಾಟಿನಲ್ಲಿ ಒಂದು ಬ್ರಿಟಲ್ ಸ್ಟಾರ್ ಇದೆ, ನಕ್ಷತ್ರ ಮೀನಿನ ಬಂಧುವಾದ ಐದು ತೋಳಿನ ಕಡಲ ಪ್ರಾಣಿ. ನಾನು ಈ ಊರಿಗೆ ವರ್ಗವಾಗಿ ಬರುವ ಮೊದಲಿನಿಂದಲೂ ಫಾರ್ಮಾಲಿನ್‌ನಲ್ಲಿ ಮುಳುಗಿ ಕೂತಿದೆ. ಕಪಾಟು ಸರಿಸಿದಾಗಲೆಲ್ಲ ಒಂದೊಂದು ತೋಳು ಮುರಿದು, ಈಗ ನಡುವಿನ ಬಿಲ್ಲೆಗೆ ಅಂಟಿಕೊಂಡಿರುವುದು ಎರಡೇ. ಉಳಿದ ಮೂರು ಬಾಟಲಿಯ ತಳದಲ್ಲಿವೆ. ಪ್ರಥಮ ಪಿಯುಸಿಗೆ ಅದನ್ನು ತೋರಿಸುತ್ತ, ಇದರ ತೋಳು ತುಂಡಾದರೆ ಮತ್ತೆ ಬೆಳೆಯುತ್ತದೆ ಅಂದೆ. ಹಿಂದಿನ ಬೆಂಚಿನಿಂದ ದನಿ ಬಂತು: "ಮತ್ತ ಇದಕ್ಯಾಕ ಬೆಳದಿಲ್ರಿ ಮೇಡಂ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹನ್ನೊಂದು ವರ್ಷ ಈ ಪಾಠ ಮಾಡಿದ ನಾನು ಕಣ್ಣಾರೆ ಏನೂ ಬೆಳೆದದ್ದನ್ನು ನೋಡಿರಲಿಲ್ಲ. ಗಂಗಾವತಿ ಸೀಮೆಗೆ ಸಮುದ್ರ ಎಲ್ಲಿಂದ ತರೋಣ? ನಮ್ಮಲ್ಲಿರುವುದು ಕಾಲುವೆ, ಭತ್ತದ ಗದ್ದೆ, ಮತ್ತೆ ಅಲ್ಲೊಂದು ಇಲ್ಲೊಂದು ಎರೆಗೊಬ್ಬರದ ತೊಟ್ಟಿ. ಹುಡುಗಿಯೊಬ್ಬಳ ಕಾಕಾನ ಹೊಲದಲ್ಲಿ ಅಂಥದ್ದೊಂದು ಇತ್ತು.

ಆ ತೊಟ್ಟಿಯಲ್ಲಿ ಎರಡು ಜಾತಿಯ ಹುಳ ಇದ್ದವು. ನನಗೆ ಬೇಕಾದದ್ದು ಪೆರಿಯೋನಿಕ್ಸ್. ಬೆನ್ನು ನೇರಳೆ, ಬಿಸಿಲಿಗೆ ಹಿಡಿದರೆ ತಲೆಯ ಕಡೆ ನೀಲಿ ಮಿಂಚು, ಮುಟ್ಟಿದರೆ ಹಾವಿನ ಮರಿಯ ಹಾಗೆ ಚಿಮ್ಮುತ್ತದೆ. ತಲೆಯಿಂದ ಎಣಿಸಿದರೆ 13ರಿಂದ 17ನೇ ಉಂಗುರದವರೆಗೆ ದಪ್ಪ ಪಟ್ಟಿ. ಕಳೆದುಹೋದದ್ದನ್ನು ಬೆಳೆಸಿಕೊಳ್ಳುವುದರಲ್ಲಿ ಎರೆಹುಳಗಳ ಪೈಕಿ ಇದು ಗಟ್ಟಿ ಜಾತಿ.

ಮೊದಲ ಸಲ ಒಂಬತ್ತು ಹುಳ ಕೊಂದೆ. ತಪ್ಪು ಪೂರ್ತಿ ನನ್ನದೇ. ಶುಚಿಯಾಗಿರಲಿ ಅಂತ ಬ್ಲೇಡು, ಟ್ರೇ ಎರಡನ್ನೂ ಸ್ಪಿರಿಟ್‌ನಿಂದ ಒರೆಸಿ, ಆರುವ ಮೊದಲೇ ಹುಳ ಇಟ್ಟಿದ್ದೆ. ಎರೆಹುಳ ಉಸಿರಾಡುವುದೇ ಚರ್ಮದಿಂದ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಗಪ್ಪನೆ ನಾತ. ಆ ದಿನ ಇಡೀ ಪ್ರಯೋಗವನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು.

ಎರಡನೇ ಸಲ ಬ್ಲೇಡನ್ನು ಕುದಿಯುವ ನೀರಿನಲ್ಲಿ ಅದ್ದಿ ಆರಿಸಿದೆ. ಹುಳಗಳನ್ನು ಐಸ್ ಮೇಲಿಟ್ಟ ಸ್ಟೀಲ್ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹೊರಳಾಟ ನಿಲ್ಲುತ್ತದೆ. ಪಟ್ಟಿ ದಾಟಿ ಸಾಕಷ್ಟು ಹಿಂದೆ, ಬಾಲದ ಕಡೆ ಒಂದೇ ಏಟಿಗೆ ಕತ್ತರಿಸಿದೆ. ಮಣ್ಣಿನ ಗಡಿಗೆಗೆ ಹಳೆಯ ಶೆಗಣಿ, ಮೇಲೆ ಹಸಿ ಗೋಣಿತಟ್ಟು. ಜಾಗ ನಮ್ಮ ಸ್ಟಾಫ್ ರೂಮಿನ ನೀರಿನ ಫಿಲ್ಟರ್ ಕೆಳಗೆ. ಸಹೋದ್ಯೋಗಿಗಳು ಏನಂದರು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎರಡನೇ ದಿನ ಗಾಯ ಮುಚ್ಚಿತ್ತು, ಅಷ್ಟೇ. ಐದನೇ ದಿನ ಲೆನ್ಸ್ ಹಿಡಿದರೆ ತುದಿಯಲ್ಲಿ ನುಚ್ಚಿನ ಚೂರಿನಂಥ ಬಿಳಿ ಮೊಗ್ಗು. ಉಂಗುರ ಇಲ್ಲ, ಬಣ್ಣ ಇಲ್ಲ, ಮೆತ್ತಗೆ ಮಿದ್ದಿದ ಹಿಟ್ಟಿನ ಹಾಗೆ. ಎರಡು ವಾರ ಕಳೆಯುವುದರಲ್ಲಿ ಅದು ಸಣಕಲಾಗಿ ಉದ್ದವಾಗಿ, ಅದರ ಮೇಲೆ ಕೂದಲೆಳೆಯಂಥ ಉಂಗುರಗಳು ಮೂಡಿದವು. ನೇರಳೆ ಬಣ್ಣ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಕತ್ತರಿಸಿ ತೆಗೆದ ಬಾಲದ ತುಂಡುಗಳು ಮಾತ್ರ ಕೆಲವು ದಿನ ಮಿಸುಕಾಡಿ ಸತ್ತವು. ತುಂಡು ಮಾಡಿದರೆ ಎರಡು ಹುಳ ಆಗುತ್ತವೆ ಅಂತ ಪಣ ಕಟ್ಟಿದ್ದ ಹುಡುಗ ಇಡೀ ತರಗತಿಗೆ ಮಿರ್ಚಿ ಕೊಡಿಸಬೇಕಾಯಿತು.

ನನ್ನ ತಲೆಯಲ್ಲಿ ಉಳಿದದ್ದು ಆ ಸರದಿ: ಮೊದಲು ಗಾಯ, ಆಮೇಲೆ ಬಿಳಿ ಮೊಗ್ಗು, ಆಮೇಲೆ ಆಕಾರ. ನಾನು ಈ ಪ್ರಯೋಗ ಮಾಡಿದ 2024ರಲ್ಲೇ ಆಂಫಿಯೂರಾ ಫಿಲಿಫಾರ್ಮಿಸ್ ಎಂಬ ಬ್ರಿಟಲ್ ಸ್ಟಾರ್‌ನ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್ಎಯ ಓದು, ಪ್ರಕಟವಾಗಿತ್ತು. ಇದು ಯುರೋಪಿನ ಕಡಲ ಕೆಸರಿನಲ್ಲಿ ಹೂತುಕೊಂಡು, ತೋಳುಗಳನ್ನು ಮಾತ್ರ ಮೇಲೆ ಚಾಚಿ ಆಹಾರ ಹಿಡಿಯುವ ಪ್ರಾಣಿ. ಮೀನು ಬಂದು ತೋಳು ಕಚ್ಚಿಕೊಂಡು ಹೋಗುವುದು ಅದಕ್ಕೆ ನಿತ್ಯದ ಪಾಡು. ತೋಳು ಮರಳಿ ಬೆಳೆಯುವಾಗ ಯಾವ ಜೀನ್ ಯಾವಾಗ ಕೆಲಸಕ್ಕೆ ಇಳಿಯುತ್ತದೆ ಅಂತ ಅಳೆದಾಗ ಅಲೆ ಅಲೆಯಾಗಿ ಕಂಡಿತು. ಮೊದಲು ಗಾಯ ಮಾಯಿಸುವ ಜೀನ್‌ಗಳು, ನಂತರ ಕೋಶ ಹೆಚ್ಚಿಸುವವು, ಕೊನೆಗೆ ಸ್ನಾಯು, ನರ, ಎಲುಬಿನಂಥ ಬಿಲ್ಲೆಗಳನ್ನು ರೂಪಿಸುವವು. ಕಪ್ಪೆಯ ಬಂಧು ಆಕ್ಸೊಲಾಟ್ಲ್ ಕಾಲು ಬೆಳೆಸಿಕೊಳ್ಳುವ ಬಗೆಯ ಜೊತೆ, ಸಿಗಡಿಯ ದೂರದ ಬಂಧು ಪಾರ್ಹಯಾಲೆ ಜೊತೆ ಹೋಲಿಸಿದಾಗ ಒಂದೇ ಲಯದಲ್ಲಿ ಏರಿಳಿಯುವ ನೂರಾರು ಜೀನ್‌ಗಳು ಸಿಕ್ಕವು. ಹೊಂದಾಣಿಕೆ ಹೆಚ್ಚಾಗಿ ಕಂಡದ್ದು ಎರಡನೇ ಅಲೆಯಲ್ಲಿ, ಅಂದರೆ ಕೋಶ ಹೆಚ್ಚುವ ಹಂತದಲ್ಲಿ. ಇಷ್ಟಾಗಿ ಈ ಪ್ರಾಣಿಯ ಜೀನೋಮ್, ಅಲ್ಲಿಯವರೆಗೆ ಓದಿದ, ನಕ್ಷತ್ರ ಮೀನೂ ಸೇರುವ ಗುಂಪಾದ ಎಕೈನೊಡರ್ಮ್‌ಗಳಲ್ಲೆಲ್ಲ ಅತಿ ಹೆಚ್ಚು ಅದಲುಬದಲಾದದ್ದು. ದೇಹದ ನಕ್ಷೆ ಬರೆಯುವ ಹಾಕ್ಸ್ ಜೀನ್‌ಗಳ ಸಾಲೂ ಅಸ್ತವ್ಯಸ್ತ. ಮನೆಯ ಸಾಮಾನೆಲ್ಲ ಜಾಗ ಬದಲಿಸಿದೆ, ಅಡುಗೆ ಮಾತ್ರ ಹೊತ್ತಿಗೆ ಸರಿಯಾಗಿ ಆಗುತ್ತಿದೆ!

ಇದನ್ನು ಮಕ್ಕಳಿಗೆ ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದೆ. ದಾರಿ ಸಿಕ್ಕಿದ್ದು ಕಾಕಾನಿಂದ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋಗಿತ್ತು. ಆ ವಾರ ಗೊಬ್ಬರ ತರಲು ಹೋದರೆ ಅವರ ಬಾಯಲ್ಲಿ ಒಂದೇ ಮಾತು. "ನೀರು ಎಲ್ಲಾರಿಗೂ ಒಂದರೀ ಅಕ್ಕಾರ. ಯಾವ ತೂಬು ಯಾವಾಗ ತೆಗೀತಾರ ಅನ್ನೋದರ ಮ್ಯಾಲ ನಮ್ಮ ಬೆಳಿ." ಮರುದಿನ ಬೋರ್ಡಿನ ಮೇಲೆ ಎಡದಂಡೆ ಕಾಲುವೆ ಬರೆದೆ, ತೂಬುಗಳಿಗೆ ನಂಬರು ಹಾಕಿದೆ. ದೇಹದ ಹೆಚ್ಚುಕಮ್ಮಿ ಎಲ್ಲ ಕೋಶದಲ್ಲೂ ಅವೇ ಜೀನ್‌ಗಳು. ತೂಬು ತೆರೆಯುವ ಸರದಿ ಬೇರೆ ಬೇರೆ. ತೋಳು ಬೆಳೆಸಲೆಂದೇ ಮೀಸಲಾದ ಒಂದು ಜೀನ್ ಇರುತ್ತದೆ ಅಂದುಕೊಂಡಿದ್ದ ಮಕ್ಕಳಿಗೆ ಅಲ್ಲಿ ತುಸು ನಿರಾಸೆ.

ನಾನು ಹುಳದ ಯಾವ ಜೀನನ್ನೂ ಅಳೆದಿಲ್ಲ, ಅದನ್ನೂ ಹೇಳಿದೆ. ಹೊರಗಿನಿಂದ ಕಂಡ ಸರದಿ ಒಳಗಿನ ಸರದಿಗೆ ಸಾಕ್ಷಿಯಲ್ಲ, ಊಹೆಗೆ ಒಂದು ಮೆಟ್ಟಿಲು ಅಷ್ಟೇ.

ದಸರಾ ರಜೆಗೆ ಮುಂಚೆ ಹುಳಗಳನ್ನು ತೊಟ್ಟಿಗೆ ಮರಳಿ ಬಿಟ್ಟೆವು. ಒಂದರ ಬಾಲ ಇನ್ನೂ ಪೂರ್ತಿ ನೇರಳೆಯಾಗಿರಲಿಲ್ಲ. ಹಳೆಯದೂ ಹೊಸದೂ ಕೂಡಿದ ಕಡೆ, ಸೀರೆಗೆ ಬೇರೆ ಬಣ್ಣದ ಸೆರಗು ಹಚ್ಚಿದ ಹಾಗೆ, ಗೆರೆ ಎದ್ದು ಕಾಣುತ್ತಿತ್ತು. ಕಾಕಾ ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿ, "ಇದಕ್ಕ ಇನ್ನ ನೀರು ಮುಟ್ಟಿಲ್ಲ ಬಿಡ್ರಿ" ಅಂದು ಗೊಬ್ಬರದೊಳಗೆ ಬಿಟ್ಟರು.