ಸೆಮಿ ಮಾಡ್ಯುಲರ್ ಸಿಂತ್ ತಗೊಳೋ ಮುಂಚೆ ಕೇಬಲ್ ಎಲ್ಲಾ ಕಿತ್ತಿಟ್ಟು ನುಡಿಸಿ ನೋಡಿ

ಪ್ಯಾನೆಲ್ ಮೇಲೆ ಕೇಬಲ್ ಚುಚ್ಚೋ ತೂತು (ಜ್ಯಾಕ್) ಎಷ್ಟಿದೆ ಅಂತ ಎಣಿಸ್ಕೊಂಡು ಸಿಂತ್ (ಸಿಂಥಸೈಜರ್) ತಗೋಬೇಡಿ, ನಾನು ಮೊದಲನೇ ಸಲ ಮಾಡಿದ್ದು ಅದೇ ತಪ್ಪು. ಸೆಮಿ ಮಾಡ್ಯುಲರ್‌ನಲ್ಲಿ ಆಸಿಲೇಟರ್ (ಸದ್ದು ಹುಟ್ಟಿಸೋದು), ಫಿಲ್ಟರ್ (ಅದನ್ನ ಸೋಸೋದು), ಎನ್ವಲಪ್ (ಸಮಯಕ್ಕೆ ತಕ್ಕಂತೆ ಏರಿಳಿಸೋದು) ಎಲ್ಲಾ ಒಳಗಡೆನೇ ವೈರ್ ಆಗಿರುತ್ತೆ, ಪ್ಯಾಚ್ ಕೇಬಲ್ ಚುಚ್ಚಿದ್ರೆ ಮಾತ್ರ ಅಲ್ಲಿನ ಕನೆಕ್ಷನ್ ತಪ್ಪಿ ನೀವು ಕೊಟ್ಟ ಸಿಗ್ನಲ್ ಹೋಗುತ್ತೆ, 1978ರ ಕಾರ್ಗ್ ಎಂಎಸ್-20 ಸಿಂತ್ ಕಾಲದಿಂದ್ಲೂ ಇದೇ ಲೆಕ್ಕ. ಹಾಗಾಗಿ ಒಂದೂ ಕೇಬಲ್ ಇಲ್ದೆ ಅರ್ಧ ಗಂಟೆ ನುಡಿಸಿ, ಆ ಸದ್ದೇ ಹಿಡಿಸಲಿಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ.

ಫಿಲ್ಟರ್ ಮೇಲೆ ಜಾಸ್ತಿ ಹೊತ್ತು ಕೂತ್ಕೊಳಿ. ರೆಸೊನೆನ್ಸ್ (ಕಟಾಫ್ ಹತ್ತಿರದ ಸದ್ದನ್ನ ಎತ್ತಿ ತೋರಿಸೋ ನಾಬ್) ಅರ್ಧಕ್ಕಿಟ್ಟು ಕಟಾಫ್ (ಎಲ್ಲಿಂದ ಸೋಸಬೇಕು ಅನ್ನೋ ನಾಬ್) ನಿಧಾನಕ್ಕೆ ತಿರುಗಿಸ್ತಾ ಹೋಗಿ, ರೆಸೊನೆನ್ಸ್ ಏರಿಸಿದಾಗ ಬೇಸ್ ಪೂರ್ತಿ ಸೊರಗಿ ಹೋಗುತ್ತಾ ಕೇಳಿ, ಕೆಲವ್ರಿಗೆ ಅದೇ ಇಷ್ಟ, ನನಗಂತೂ ಆಗಲ್ಲ.

ಆಮೇಲೆ ಟ್ಯೂನಿಂಗ್. ಆನ್ ಮಾಡಿದ ತಕ್ಷಣ ನೋಡಬೇಡಿ, ಅನಲಾಗ್ ಸರ್ಕ್ಯೂಟ್ ಬಿಸಿಯಾಗೋಕೆ 15-20 ನಿಮಿಷ ಕೊಡಿ. ಕೆಳಗಿನ ಸಿ ಸ್ವರ ಟ್ಯೂನರ್‌ಗೆ ಸರಿ ಮಾಡ್ಕೊಂಡು ಒಂದೊಂದೇ ಆಕ್ಟೇವ್ ಮೇಲಕ್ಕೆ ಹೋಗಿ. 1 ವೋಲ್ಟ್ ಏರಿದ್ರೆ ಒಂದು ಆಕ್ಟೇವ್ ಏರೋ ಸಿಸ್ಟಮ್‌ನಲ್ಲಿ ಒಂದು ಸೆಮಿಟೋನ್ ಅಂದ್ರೆ ಸುಮಾರು 83 ಮಿಲಿವೋಲ್ಟ್ ಅಷ್ಟೇ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಮೇಲೆ ಹೋಗ್ತಾ ಹೋಗ್ತಾ ಸ್ವರ ಜಾರುತ್ತೆ. ಕ್ಯಾಲಿಬ್ರೇಷನ್ ಮಾಡಿಸಿದ್ರೆ ಸರಿಹೋಗಬಹುದು, ಆದ್ರೆ ಹೊಸದರಲ್ಲೇ ಆ ತಲೆನೋವು ಯಾಕೆ. ಅಂದಹಾಗೆ ಎಂಎಸ್-20 ಪಿಚ್‌ಗೆ ಹರ್ಟ್ಸ್ ಪರ್ ವೋಲ್ಟ್ (ವೋಲ್ಟ್ ದುಪ್ಪಟ್ಟಾದ್ರೆ ಒಂದು ಆಕ್ಟೇವ್) ಲೆಕ್ಕ ಬಳಸುತ್ತೆ, ಯೂರೋರ್‍ಯಾಕ್ ಮಾಡ್ಯೂಲ್ (1 ವೋಲ್ಟ್‌ಗೆ ಒಂದು ಆಕ್ಟೇವ್ ಲೆಕ್ಕದ ಬಿಡಿ ಸಿಂತ್ ಭಾಗ) ಜೊತೆ ನೇರ ಜೋಡಿಸಿದ್ರೆ ರಾಗ ಎಲ್ಲಿಗೋ ಹೋಗುತ್ತೆ.

ಈಗ ಕೇಬಲ್ ತಗೊಳಿ. ಬೆಹ್ರಿಂಗರ್ ನ್ಯೂಟ್ರಾನ್‌ನಲ್ಲಿ 56 ಜ್ಯಾಕ್ ಇದೆ, ಮೂಗ್ ಮದರ್-32ರಲ್ಲಿ 32, ಇದರಿಂದ ಯಾವುದು ಚೆನ್ನಾಗಿದೆ ಅಂತ ಗೊತ್ತಾಗಲ್ಲ. ಎಲ್‌ಎಫ್‌ಒ (ಸದ್ದನ್ನ ನಿಧಾನಕ್ಕೆ ಏರಿಳಿಸೋ ಆಸಿಲೇಟರ್) ಔಟ್ ಪಿಚ್ ಇನ್‌ಪುಟ್‌ಗೆ ಚುಚ್ಚಿ ನೋಡಿ, ಅದನ್ನ ತಗ್ಗಿಸೋಕೆ ಅಟೆನ್ಯುಯೇಟರ್ ನಾಬ್ ಇಲ್ಲ ಅಂದ್ರೆ ಬರೋದು ಆಂಬುಲೆನ್ಸ್ ಸೈರನ್ನೇ, ವೈಬ್ರಾಟೊ (ಸ್ವರದ ಸಣ್ಣ ಕಂಪನ) ಅಲ್ಲ. ಸಿಗ್ನಲ್ ಎರಡಾಗಿ ಹಂಚೋಕೆ ಮಲ್ಟ್, ಎರಡನ್ನ ಕೂಡಿಸೋಕೆ ಮಿಕ್ಸರ್ ಇದ್ರೆ ಇನ್ನೂ ಒಳ್ಳೇದು.

ಸೆಕೆಂಡ್ ಹ್ಯಾಂಡ್ ಆದ್ರೆ ಒಂದು ಸ್ವರ ಹಿಡ್ಕೊಂಡೇ ಪ್ರತೀ ನಾಬ್ ತಿರುಗಿಸಿ, ಪ್ರತೀ ಜ್ಯಾಕ್‌ಗೂ ಕೇಬಲ್ ಹಾಕಿ ಅಲ್ಲಾಡಿಸಿ, ಗರಗರ ಅಂದ್ರೆ ಅಥವಾ ಸದ್ದು ಕಟ್ ಆದ್ರೆ ರಿಪೇರಿ ಖರ್ಚು ಕಳೆದೇ ರೇಟ್ ಮಾತಾಡಿ. ಕಾರ್ಡ್ಸ್ ನುಡಿಸಬೇಕು, ಸೌಂಡ್ ಸೇವ್ ಮಾಡಿಟ್ಕೋಬೇಕು ಅನ್ನೋರಿಗೆ ಇದು ಬೇಡ್ವೇ ಬೇಡ, ಹೆಚ್ಚಿನವು ಮೊನೊ (ಒಂದು ಸಲಕ್ಕೆ ಒಂದೇ ಸ್ವರ), ಪ್ರೀಸೆಟ್ಟೂ ಇರಲ್ಲ, ಚೆನ್ನಾಗಿ ಬಂದ ಕೇಬಲ್-ನಾಬ್ ಜೋಡಣೆ, ಅಂದ್ರೆ ಪ್ಯಾಚ್‌ನ ಫೋಟೊ ಹೊಡ್ಕೊಂಡು ಇಟ್ಕೋಬೇಕಷ್ಟೇ.